ಗೋಡೆ ಕಾಯದ ರಾತ್ರಿ

ಅಂಜಿಕೆ ಯಾರಿಗೂ ಬೇಡದ ವಸ್ತು. ಮಗು ಅಂಜಿದರೆ ಎತ್ತಿಕೊಳ್ಳುತ್ತೇವೆ, ದೃಷ್ಟಿ ತೆಗೆಯುತ್ತೇವೆ, ಮಲಗುವ ಕೋಣೆಯಲ್ಲಿ ಸಣ್ಣ ದೀಪ ಹಚ್ಚಿಡುತ್ತೇವೆ. ದೊಡ್ಡವರಾದ ಮೇಲೆ ಮನೆ ಕಟ್ಟುವುದು, ಉಳಿತಾಯ ಮಾಡುವುದು, ವಿಮೆ ಮಾಡಿಸುವುದು, ದೇವರಿಗೆ ಹರಕೆ ಹೊರುವುದು ಇವೆಲ್ಲ ಒಂದರ್ಥದಲ್ಲಿ ಅಂಜಿಕೆಯನ್ನು ಹೊಸ್ತಿಲಿನ ಆಚೆ ನಿಲ್ಲಿಸುವ ಉಪಾಯಗಳೇ. ಹೀಗಿರುವಾಗ ಇಪ್ಪತ್ತರ ಹುಡುಗನೊಬ್ಬ ರಾತ್ರಿ ಊಟ ಮುಗಿಸಿ, ಕೋಣೆಯ ದೀಪ ಆರಿಸಿ, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಅಂಜಿಕೆಯನ್ನು ತಾನಾಗಿ ಕರೆದು ಎದುರಿಗೆ ಕೂರಿಸಿಕೊಳ್ಳುತ್ತಾನೆ ಎಂದರೆ ಅದನ್ನು ಏನೆಂದು ತಿಳಿಯಬೇಕು? ಹುಡುಗಾಟಿಕೆ ಎಂದು ಬಿಟ್ಟುಬಿಡಬಹುದು. ನನಗೆ ಹಾಗೆ ಬಿಡಲಾಗುತ್ತಿಲ್ಲ. ಈ ಪ್ರಶ್ನೆಯ ಬೆನ್ನು ಹತ್ತಿದರೆ ಅದು ಆಟವನ್ನು ದಾಟಿ ದೂರ ಹೋಗುತ್ತದೆ.

ಆ ಹುಡುಗ ನನ್ನ ಅಕ್ಕನ ಮಗ. ಅಕ್ಕನ ಮನೆ ಟಿಕೋಟಾದ ಹತ್ತಿರ, ದ್ರಾಕ್ಷಿ ತೋಟದಲ್ಲಿದೆ. ಅವನು ವಿಜಯಪುರ ನಗರದಲ್ಲಿ ಪದವಿ ಓದುತ್ತಾನೆ. ಅವನ ಜೊತೆ ಆಡುವ ಗೆಳೆಯ ಬಬಲೇಶ್ವರದವನು. ಮೊದಲು ವಿಜಯಪುರ ತಾಲ್ಲೂಕಿನೊಳಗೇ ಇದ್ದ ಈ ಎರಡೂ ಊರುಗಳು ಈಗ ತಾವೇ ತಾಲ್ಲೂಕುಗಳಾಗಿವೆ. ಹಗಲು ಒಂದೇ ಬೆಂಚಿನಲ್ಲಿ ಕೂರುವ ಇಬ್ಬರೂ ಸಂಜೆ ಬಸ್ಸು ಹಿಡಿದು ಒಬ್ಬ ಪಶ್ಚಿಮಕ್ಕೆ, ಇನ್ನೊಬ್ಬ ನೈಋತ್ಯಕ್ಕೆ ಹೋಗುತ್ತಾರೆ. ರಾತ್ರಿ ಕರೆಂಟು ಇದ್ದರೆ ಮತ್ತೆ ಒಂದೇ ಲೋಕದಲ್ಲಿ ಸೇರುತ್ತಾರೆ. ಆ ಲೋಕದ ಹೆಸರು ಮೈನ್‌ಕ್ರಾಫ್ಟ್.

ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರಲ್ಲಿ ಜನರ ಮುಂದಿಟ್ಟ ಆಟ ಇದು. 2011ರಲ್ಲಿ ಪೂರ್ಣ ರೂಪದಲ್ಲಿ ಬಂತು. 2014ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಇದನ್ನು 250 ಕೋಟಿ ಡಾಲರಿಗೆ ಕೊಂಡಿತು. ಈ ಲೋಕದಲ್ಲಿ ಮಣ್ಣು, ಕಲ್ಲು, ಮರ ಎಲ್ಲವೂ ಚೌಕಾಕಾರದ ತುಂಡುಗಳು. ಅಗೆದು ತೆಗೆಯಬೇಕು, ಒಂದರ ಮೇಲೊಂದು ಇಟ್ಟು ಕಟ್ಟಬೇಕು. ಏನು ಕಟ್ಟಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಹತ್ತು ನಿಮಿಷಕ್ಕೆ ಹಗಲು ಮುಗಿಯುತ್ತದೆ. ಮುಸ್ಸಂಜೆ, ರಾತ್ರಿ, ನಸುಕು ಸೇರಿ ಮತ್ತೆ ಹತ್ತು ನಿಮಿಷ. ಕತ್ತಲಾದೊಡನೆ ಹೆಣಗಳು ಎದ್ದು ಬರುತ್ತವೆ, ಎಲುಬಿನ ಗೂಡುಗಳು ಬಾಣ ಬಿಡುತ್ತವೆ, ಹಸಿರು ಜೀವಿಯೊಂದು ಸದ್ದಿಲ್ಲದೆ ಬೆನ್ನ ಹಿಂದೆ ಬಂದು ಸಿಡಿಯುತ್ತದೆ. ಅಷ್ಟರೊಳಗೆ ನಾಲ್ಕು ಗೋಡೆ, ಒಂದು ಬಾಗಿಲು ಎಬ್ಬಿಸಿಕೊಂಡಿರಬೇಕು.

ಬೇಡವಾದರೆ ಇದೆಲ್ಲವನ್ನೂ ತೆಗೆದುಹಾಕಬಹುದು. ಆಟದಲ್ಲಿ ಕಷ್ಟದ ನಾಲ್ಕು ಹಂತಗಳಿವೆ. ಎಲ್ಲಕ್ಕಿಂತ ಕೆಳಗಿನದು ಶಾಂತಿಯ ಹಂತ. ಅದನ್ನು ಒತ್ತಿದರೆ ರಾಕ್ಷಸರು ಇದ್ದಲ್ಲೇ ಮಾಯವಾಗುತ್ತಾರೆ, ಹಸಿವೂ ಕಾಡುವುದಿಲ್ಲ. ನಮ್ಮ ಹುಡುಗ ಆ ಹಂತದಲ್ಲಿ ಒಂದು ವಾರವೂ ಆಡಲಿಲ್ಲ. ಯಾಕೆಂದು ಕೇಳಿದೆ. "ಮನಿ ಕಟ್ಟಿದ್ರ ಏನ್ ಉಪಯೋಗ ಮಾಮಾ? ಹೊರಗ ಯಾರೂ ಇಲ್ಲಲ್ಲ" ಎಂದ. ನಾನು ಕಾವ್ಯಮೀಮಾಂಸೆ ಪಾಠ ಮಾಡುವವನು. ಇಷ್ಟು ಚಿಕ್ಕ ಮಾತಿನಲ್ಲಿ ಇಷ್ಟು ದೊಡ್ಡದನ್ನು ನಾನು ಹೇಳಲಾರೆ. ರಾತ್ರಿ ಇಲ್ಲದಿದ್ದರೆ ಗೋಡೆಗೆ ಅರ್ಥವಿಲ್ಲ. ನಾವು ಕಟ್ಟಿಕೊಂಡದ್ದಕ್ಕೆ ಬೆಲೆ ಬರುವುದು ನಾವು ಹೊರಗಿಟ್ಟದ್ದರಿಂದ.

ಇಲ್ಲಿಯವರೆಗಿನ ಅಂಜಿಕೆ ನಿಯಮ ಇರುವ ಅಂಜಿಕೆ. ಮೂಲ ಆಟದಲ್ಲಿ ಬೆಳಕಿದ್ದಲ್ಲಿ ರಾಕ್ಷಸರು ಹುಟ್ಟುವುದಿಲ್ಲ. ಪಂಜು ನೆಟ್ಟರೆ ಅದರ ಸುತ್ತಲಿನ ಜಾಗ ನಿಮ್ಮದು. ಕಪ್ಪಗೆ ಎತ್ತರವಾಗಿರುವ ಎಂಡರ್‌ಮ್ಯಾನ್ ಎಂಬ ಜೀವಿಯ ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದರೆ ಅದು ತನ್ನ ಪಾಡಿಗೆ ಹೋಗುತ್ತದೆ. 2022ರಲ್ಲಿ ಸೇರಿಸಿದ ವಾರ್ಡನ್ ಎಂಬ ಪಾತಾಳದ ದೈತ್ಯನಿಗೂ ಕಣ್ಣಿಲ್ಲ. ಅದು ಅದುರುವಿಕೆಯನ್ನು ಹಿಡಿದು ಬರುತ್ತದೆ, ಸದ್ದು ಮಾಡದೆ ನಡೆದರೆ ತಪ್ಪಿಸಿಕೊಳ್ಳಬಹುದು. ಕಲಿತಷ್ಟೂ ಅಂಜಿಕೆ ಕಡಿಮೆಯಾಗುತ್ತದೆ. ತಪ್ಪು ಮಾಡಿದವನು ಸಾಯುತ್ತಾನೆ, ತಿಳಿದವನು ಉಳಿಯುತ್ತಾನೆ. ಇಂಥ ಅಂಜಿಕೆಯನ್ನು ನ್ಯಾಯವಂತ ಅಂಜಿಕೆ ಎಂದು ಕರೆಯಬಹುದು. ಲೋಕ ಕಠಿಣವಾಗಿದ್ದರೂ ಮಾತಿಗೆ ತಪ್ಪುವುದಿಲ್ಲ ಎಂಬ ಭರವಸೆ ಅದರಲ್ಲಿದೆ.

ಹಾರರ್ ಮಾಡ್‌ಪ್ಯಾಕ್ ಮುರಿಯುವುದು ಈ ಭರವಸೆಯನ್ನು. ಮಾಡ್ ಎಂದರೆ ಆಟಗಾರರೇ ಬರೆದು ಆಟಕ್ಕೆ ಸೇರಿಸುವ ಸೇರ್ಪಡೆ. ಅಂಥ ಹತ್ತಾರು, ಕೆಲವೊಮ್ಮೆ ನೂರಾರು ಸೇರ್ಪಡೆಗಳನ್ನು ಒಂದು ಗಂಟು ಕಟ್ಟಿದರೆ ಮಾಡ್‌ಪ್ಯಾಕ್. ಭಯಕ್ಕೆಂದೇ ಕಟ್ಟಿದ ಗಂಟುಗಳಲ್ಲಿ ಕತ್ತಲು ನಿಜವಾಗಿ ಕಣ್ಣು ಕಾಣದಷ್ಟು ದಟ್ಟವಾಗುತ್ತದೆ. ಮಂಜು ಇಳಿಯುತ್ತದೆ. ಇಲ್ಲದ ಹೆಜ್ಜೆಯ ಸದ್ದು ಕೇಳುತ್ತದೆ. ಗುಹೆಯಲ್ಲಿ ಬೆನ್ನಟ್ಟುವ 'ಕೇವ್ ಡ್ವೆಲ್ಲರ್' ಇದೆ. 'ಫ್ರಮ್ ದ ಫಾಗ್' ಎಂಬ ಸೇರ್ಪಡೆಯಲ್ಲಿ ಹೆರೋಬ್ರೈನ್ ಬರುತ್ತಾನೆ. ಈ ಹೆರೋಬ್ರೈನ್ ಮೂಲ ಆಟದಲ್ಲಿ ಯಾವತ್ತೂ ಇರಲಿಲ್ಲ. 2010ರಲ್ಲಿ ಯಾರೋ ಅಂತರ್ಜಾಲದಲ್ಲಿ ಹರಿಯಬಿಟ್ಟ ಕಥೆ ಅದು: ಆಟಗಾರನಂತೆಯೇ ಕಾಣುವ, ಕಣ್ಣುಗುಡ್ಡೆ ಬರೀ ಬಿಳಿಯಾದ ಒಬ್ಬ ದೂರದಲ್ಲಿ ನಿಂತು ನೋಡುತ್ತಾನೆ ಎಂಬ ಕಥೆ. ಆಟ ಮಾಡಿದ ಕಂಪನಿಯವರು ತಮಾಷೆಗೆ ಹೊಸ ಆವೃತ್ತಿಯ ಪಟ್ಟಿಗಳಲ್ಲಿ 'ಹೆರೋಬ್ರೈನ್‌ನನ್ನು ತೆಗೆದುಹಾಕಲಾಗಿದೆ' ಎಂದು ಬರೆಯುತ್ತ ಬಂದರು. ಇಲ್ಲದವನನ್ನು ತೆಗೆದರೆ ಜನ ಇದ್ದಾನೆಂದೇ ನಂಬುತ್ತಾರೆ. ಕೊನೆಗೆ ಆಟಗಾರರು ತಾವೇ ಅವನನ್ನು ಬರೆದು ಒಳಗೆ ತಂದುಕೊಂಡರು.

ಇಂಥ ಗಂಟುಗಳಲ್ಲಿ ಪಂಜು ನೆಟ್ಟರೂ, ಬಾಗಿಲು ಹಾಕಿದರೂ ಖಾತ್ರಿಯಿಲ್ಲ. ಕಿಟಕಿಯ ಆಚೆ ಏನೋ ನಿಂತಿರುತ್ತದೆ. ಏನೂ ಮಾಡುವುದಿಲ್ಲ, ನಿಂತಿರುತ್ತದೆ. ಯಾವ ತಪ್ಪಿಗೆ ಬಂತು, ಏನು ಮಾಡಿದರೆ ಹೋಗುತ್ತದೆ, ತಿಳಿಯುವುದಿಲ್ಲ. ಗೋಡೆ ಇದ್ದೂ ಕಾಯದ ರಾತ್ರಿ ಅದು.

ಅಕ್ಕನಿಗೆ ಇದರ ಮೇಲೆ ಸಿಟ್ಟಿದೆ. ಅವಳ ಸಿಟ್ಟು ಮೊಬೈಲು, ಲ್ಯಾಪ್‌ಟಾಪಿನ ಮೇಲೆ ತಾಯಂದಿರಿಗೆ ಇರುವ ಸಾಮಾನ್ಯ ಸಿಟ್ಟಲ್ಲ. ಒಮ್ಮೆ ನನ್ನ ಮುಂದೆಯೇ ಅಂದಳು: "ಮನ್ಯಾಗಿನ ಅಂಜಿಕಿ ಸಾಲವಲ್ದೇನು ಇವಗ? ಡೇಟಾ ಹಾಕ್ಸಿ ಮತ್ತ ಬ್ಯಾರೆ ಅಂಜಿಕಿ ತರಸ್ತಾನ."

ಮನೆಯೊಳಗಿನ ಅಂಜಿಕೆ ಯಾವುದೆಂದು ದ್ರಾಕ್ಷಿ ಬೆಳೆಯುವವರಿಗೆ ಹೇಳಬೇಕಿಲ್ಲ. ಅಕ್ಟೋಬರಿನ ಆಸುಪಾಸು ಚಾಟ್ನಿ ಮಾಡಿ ಬಳ್ಳಿ ಕತ್ತರಿಸಿದ ದಿನದಿಂದ ಕಣ್ಣು ಆಕಾಶದ ಮೇಲೆ. ಚಿಗುರು, ಹೂವಿನ ಹೊತ್ತಿಗೆ ಮೋಡ ಕವಿದು ಮಳೆ ಹಿಡಿದರೆ ದಾವಣಿ ರೋಗ. ಕಾಯಿ ಹಣ್ಣಾಗುವಾಗ ಮಳೆ ಬಂದರೆ ಹಣ್ಣು ಒಡೆಯುತ್ತದೆ. ಅದೂ ದಾಟಿತು ಅನ್ನಿ, ಗೊಂಚಲನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಯ ಮೇಲೆ ಹರವಿ, ಒಣದ್ರಾಕ್ಷಿಯಾಗಲು ಕಾಯುವ ಆ ಎರಡು ವಾರದಲ್ಲಿ ಒಂದು ಅಕಾಲ ಮಳೆ ಸಾಕು, ಬಣ್ಣ ಕಪ್ಪಾಗಿ ದರ ಬೀಳುತ್ತದೆ. ಅಕ್ಕನ ಮನೆಯಲ್ಲಿ ಎಲ್ಲ ನಿಯಮ ಪಾಲಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಔಷಧಿ ಹೊಡೆದಿದ್ದಾರೆ, ಬ್ಯಾಂಕಿನ ಕಂತು ಕಟ್ಟಿದ್ದಾರೆ, ಕೊಳವೆಬಾವಿ ಕೊರೆಸಿದ್ದಾರೆ. ಆದರೂ ಮಾರ್ಚಿನ ಒಂದು ಸಂಜೆ ಮೋಡ ಬಂದು ತೋಟದ ಮೇಲೆ ನಿಲ್ಲುತ್ತದೆ. ಏನೂ ಮಾಡುವುದಿಲ್ಲ, ನಿಂತಿರುತ್ತದೆ. ಅಕ್ಕ ಅಂಗಳಕ್ಕೆ ಬಂದು ಅದನ್ನು ನೋಡುತ್ತ ನಿಲ್ಲುತ್ತಾಳೆ. ಅವಳಿಗೆ ಶಾಂತಿಯ ಹಂತದ ಗುಂಡಿ ಇಲ್ಲ.

ಹಾಗಾಗಿ ಅಕ್ಕನ ಆಕ್ಷೇಪ ಗಟ್ಟಿ ಆಕ್ಷೇಪ. ಅದನ್ನು ಬಿಡಿಸಿ ಹೇಳಿದರೆ ಹೀಗೆ: ಅಂಜಿಕೆಯಲ್ಲೇ ಬದುಕುವವರ ನಡುವೆ ಕೂತು ಅಂಜಿಕೆಯನ್ನು ಆಟವಾಗಿ ಸವಿಯುವುದು ಆ ಬದುಕಿಗೆ ಮಾಡುವ ಅಪಮಾನವಲ್ಲವೇ? ಉಪವಾಸ ಬಿದ್ದವರ ಓಣಿಯಲ್ಲಿ ಹಸಿವಿನ ಪಂದ್ಯ ಕಟ್ಟಿದಂತೆ ಅಲ್ಲವೇ?

ನಮ್ಮ ಹಳಬರು ಇದಕ್ಕೆ ಹತ್ತಿರದ ಪ್ರಶ್ನೆಯನ್ನು ಕೇಳಿಕೊಂಡಿದ್ದರು. ಭರತನ ರಸಗಳ ಪಟ್ಟಿಯಲ್ಲಿ ಭಯಾನಕವೂ ಒಂದು. ಯಾರಿಗೂ ಬೇಡದ ಭಯ ರಂಗದ ಮೇಲೆ ಬಂದಾಗ ಆಸ್ವಾದ್ಯವಾಗುವುದು ಹೇಗೆ? ಭಟ್ಟನಾಯಕ ಅದನ್ನು ಸಾಧಾರಣೀಕರಣ ಎಂಬ ಮಾತಿನಿಂದ ವಿವರಿಸಿದ. ಅಭಿನವಗುಪ್ತ ಅದನ್ನು ಬೆಳೆಸುವಾಗ ಕಾಳಿದಾಸನ ಶಾಕುಂತಲದ ಜಿಂಕೆಯನ್ನು ಎತ್ತಿಕೊಳ್ಳುತ್ತಾನೆ. ದುಷ್ಯಂತನ ರಥದ ಮುಂದೆ ಓಡುತ್ತಿರುವ ಜಿಂಕೆ. ಆ ಭಯ ಇಂಥ ಜಿಂಕೆಯದು ಎಂದಲ್ಲ, ನನ್ನದು ಎಂದೂ ಅಲ್ಲ, ಶತ್ರುವಿನದೋ ಗೆಳೆಯನದೋ ಎಂದೂ ಅಲ್ಲ. ಕಾಲ, ದೇಶಗಳ ಗಂಟು ಕಳಚಿ ಬರಿಯ ಭಯವಾಗಿ ಅದು ಎದೆಗೆ ಮುಟ್ಟುತ್ತದೆ. ಯಾರದೂ ಅಲ್ಲವಾದ್ದರಿಂದಲೇ ಅದನ್ನು ಸವಿಯಬಹುದು. ಪಶ್ಚಿಮದಲ್ಲಿ ಅರಿಸ್ಟಾಟಲ್ ದುರಂತ ನಾಟಕದ ಭಯ, ಮರುಕಗಳು ಮನಸ್ಸನ್ನು ತೊಳೆಯುತ್ತವೆ ಎಂದ. ನಮ್ಮ ಕಾಲದ ಕೆಂಡಲ್ ವಾಲ್ಟನ್ 1978ರ ಲೇಖನವೊಂದರಲ್ಲಿ, ಸಿನಿಮಾದ ಹಸಿರು ಲೋಳೆ ಪರದೆಯಿಂದ ತನ್ನತ್ತಲೇ ಬರುವುದನ್ನು ಕಂಡು ಕುರ್ಚಿ ಬಿಗಿಹಿಡಿಯುವ ಪ್ರೇಕ್ಷಕನನ್ನು ಮುಂದಿಟ್ಟು, ಅವನು ನಿಜಕ್ಕೂ ಅಂಜಿದ್ದಾನೆಯೇ ಎಂದು ಕೇಳಿದ. ಅಂಜಿದ್ದರೆ ಎದ್ದು ಓಡಬೇಕಿತ್ತಲ್ಲ? ಅದು ಅಂಜಿಕೆಯ ಆಟ ಎಂಬುದು ಅವನ ಉತ್ತರ. ನೋಯೆಲ್ ಕ್ಯಾರಲ್ 1990ರಲ್ಲಿ ಭಯದ ಕಥೆಗಳ ಮೇಲೆ ಪುಸ್ತಕವನ್ನೇ ಬರೆದು, ನಮ್ಮನ್ನು ಎಳೆಯುವುದು ಭಯವಲ್ಲ, ತಿಳಿದಿರುವ ಯಾವ ಜಾತಿಗೂ ಸೇರದ ಆ ಜೀವಿಯ ಬಗೆಗಿನ ಕುತೂಹಲ ಎಂದ.

ಈ ಉತ್ತರಗಳನ್ನು ತರಗತಿಯಲ್ಲಿ ಹೇಳುವಾಗ ನನಗೆ ಸಂತೋಷವಾಗುತ್ತದೆ. ಆದರೆ ಅಳಿಯನ ಪರದೆಯ ಮುಂದೆ ಇವು ಅರ್ಧಕ್ಕೆ ನಿಲ್ಲುತ್ತವೆ. ಇವರೆಲ್ಲ ಮಾತಾಡುತ್ತಿರುವುದು ನೋಡುವವನ ಬಗ್ಗೆ. ಸಹೃದಯ ಕುಳಿತಿರುತ್ತಾನೆ. ಜಿಂಕೆಯನ್ನು ಉಳಿಸುವ ಕೆಲಸ ಅವನದಲ್ಲ. ಆಟದಲ್ಲಿ ಹಾಗಲ್ಲ. ಇಲ್ಲಿ ಅಂಜಿದವನೇ ಏನನ್ನಾದರೂ ಮಾಡಬೇಕು. ಬಾಗಿಲು ತೆರೆಯಬೇಕೋ ಬೇಡವೋ, ಕೆಳಗಿಳಿಯಬೇಕೋ ಬೇಡವೋ ಎಂದು ಅವನೇ ನಿರ್ಧರಿಸಬೇಕು. ಭಯ ನಿಜವೋ ಸುಳ್ಳೋ ಎಂಬ ಚರ್ಚೆ ಇಲ್ಲಿ ಎರಡನೆಯದಾಗುತ್ತದೆ. ಆ ಭಯದೊಳಗೆ ಮಾಡಿದ ಕೆಲಸಕ್ಕೆ ಬೆಲೆ ಉಂಟೋ ಇಲ್ಲವೋ ಎಂಬುದು ಮೊದಲನೆಯದಾಗುತ್ತದೆ.

ಒಂದು ರಾತ್ರಿ ನಾನು ಅಲ್ಲೇ ಇದ್ದೆ. ಅಳಿಯ ತನ್ನ ಆಟದ ಮನೆಯಲ್ಲಿ ಸುರಕ್ಷಿತವಾಗಿದ್ದ. ಪೆಟ್ಟಿಗೆ ತುಂಬ ಕಬ್ಬಿಣ, ಮೈಮೇಲೆ ಮೂರು ವಾರ ಕೂಡಿಟ್ಟು ಮಾಡಿಕೊಂಡ ವಜ್ರದ ಕವಚ. ಬಬಲೇಶ್ವರದ ಗೆಳೆಯ ಎಲ್ಲೋ ನೆಲದೊಳಗೆ ದಾರಿ ತಪ್ಪಿದ್ದ. ಪಂಜು ಮುಗಿದಿದ್ದವು. ಹೆಡ್‌ಫೋನಿನಿಂದ ಅವನ ದನಿ ನನಗೂ ಸಣ್ಣಗೆ ಕೇಳುತ್ತಿತ್ತು. ಹಿಂದೆ ಏನೋ ಬರುತ್ತಿದೆ, ನಿಂತರೆ ನಿಲ್ಲುತ್ತದೆ, ನಡೆದರೆ ನಡೆಯುತ್ತದೆ ಎನ್ನುತ್ತಿದ್ದ. ಈ ಆಟದಲ್ಲಿ ಸತ್ತರೆ ಮತ್ತೆ ಹುಟ್ಟಬಹುದು, ಆದರೆ ಮೈಮೇಲಿದ್ದದ್ದೆಲ್ಲ ಸತ್ತ ಜಾಗದಲ್ಲಿ ಚೆಲ್ಲುತ್ತದೆ. ಐದು ನಿಮಿಷದಲ್ಲಿ ಹೋಗಿ ಎತ್ತಿಕೊಳ್ಳದಿದ್ದರೆ ಇಲ್ಲವಾಗುತ್ತದೆ. ಅಳಿಯ ಬಾಗಿಲು ತೆಗೆದು ಹೊರಗೆ ಹೋದ. ಗುಹೆಯ ಬಾಯಿ ಸಿಕ್ಕಿತು, ಗೆಳೆಯ ಸಿಗಲಿಲ್ಲ. ಇಬ್ಬರೂ ಬೇರೆ ಬೇರೆ ಕಡೆ ಸತ್ತರು. ಕವಚ ಹೋಯಿತು.

"ಹೋದ್ರ ಸಾಯ್ತೀನಂತ ಗೊತ್ತಿದ್ದಿಲ್ಲೇನು?" ಎಂದು ಕೇಳಿದೆ.

"ಗೊತ್ತಿತ್ತು."

"ಮತ್ತ?"

"ಅಂವಾ ಒಬ್ಬನ ಇದ್ದ ಮಾಮಾ."

ಈ ಮಾತನ್ನು ದೊಡ್ಡದು ಮಾಡುವ ಮೊದಲು ನಾನು ಎರಡೂ ಕಡೆ ಯೋಚಿಸಿದ್ದೇನೆ. ಇದು ಅಗ್ಗದ ಔದಾರ್ಯ ಎನ್ನಬಹುದು. ಹೋದದ್ದು ಚೌಕದ ವಜ್ರ, ಜೀವವಲ್ಲ. ಪ್ಲೇಟೋ ಹೇಳುವ ಗೈಗಿಸ್ ಎಂಬ ಕುರಿಗಾಹಿಗೆ ಅದೃಶ್ಯನಾಗುವ ಉಂಗುರ ಸಿಗುತ್ತದೆ. ಯಾರೂ ನೋಡದಿದ್ದಾಗ ಮನುಷ್ಯ ಒಳ್ಳೆಯವನಾಗಿರುತ್ತಾನೆಯೇ ಎಂಬುದು ಆ ಕಥೆಯ ಪ್ರಶ್ನೆ. ಆಟ ಕೇಳುವುದು ಅದರ ತಿರುವು ಪ್ರಶ್ನೆ: ಏನೂ ಕಳೆದುಕೊಳ್ಳುವುದಿಲ್ಲವಾದಾಗ ಒಳ್ಳೆಯವನಾಗಿರುವುದಕ್ಕೆ ಬೆಲೆ ಏನು? ಇದೇ ಆಟದಲ್ಲಿ ಗೆಳೆಯ ಹೊರಗಿರುವಾಗಲೇ ಬಾಗಿಲು ಹಾಕಿಕೊಂಡು ನಗುವವರೂ ಇದ್ದಾರೆ. ಆಟ ಒಳ್ಳೆಯತನವನ್ನು ಕಲಿಸುವುದಿಲ್ಲ.

ಆದರೆ ಒಂದನ್ನು ತೋರಿಸುತ್ತದೆ. ಮೂಲ ಆಟದಲ್ಲಿ ಅಳಿಯ ಹೊರಗೆ ಹೋಗಿದ್ದರೆ ನಾನು ಅದನ್ನು ಲೆಕ್ಕಾಚಾರ ಎನ್ನುತ್ತಿದ್ದೆ. ಅಲ್ಲಿ ನಿಯಮಗಳಿವೆ, ಜಾಣನಿಗೆ ಗೆಲ್ಲುವ ದಾರಿಯಿದೆ. ಹಾರರ್ ಮಾಡ್‌ಪ್ಯಾಕಿನಲ್ಲಿ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಮನೆಯೊಳಗೆ ಕೂತರೂ ಉಳಿವಿನ ಖಾತ್ರಿಯಿಲ್ಲ, ಹೊರಗೆ ಹೋದರೂ ಇಲ್ಲ. ಉಳಿಯುವುದೊಂದೇ ಗುರಿ ಎಂಬ ಮಾತು ಅಲ್ಲಿ ಸಡಿಲವಾಗುತ್ತದೆ. ಗೋಡೆ ನನ್ನನ್ನು ಕಾಯುತ್ತದೆ ಎಂದು ಗೊತ್ತಿರುವವರೆಗೆ ನಾನು ಗೋಡೆಯೊಳಗೆ ಯಾಕೆ ಇದ್ದೇನೆಂದು ಕೇಳಿಕೊಳ್ಳುವುದಿಲ್ಲ. ಅದು ಕಾಯುವುದಿಲ್ಲವೆಂದಾಗ ಬೇರೆ ಪ್ರಶ್ನೆ ಏಳುತ್ತದೆ: ಹೇಗೂ ಸಾಯುವುದಾದರೆ ಯಾರ ಹತ್ತಿರ ಇರಬೇಕು? ಅಳಿಯ ಉತ್ತರಿಸಿದ್ದು ಆ ಪ್ರಶ್ನೆಗೆ. ಹೋದದ್ದು ಸುಳ್ಳು ವಜ್ರವಾದರೂ, ಅದನ್ನು ಕೂಡಿಸಲು ಅವನು ಕೊಟ್ಟ ಮೂರು ವಾರದ ರಾತ್ರಿಗಳು ನಿಜವಾದವು. ಗೆಳೆಯನ ಒಂಟಿತನವೂ ಆ ಹೊತ್ತಿಗೆ ನಿಜವೇ. ಇಷ್ಟರ ಮಟ್ಟಿಗೆ ಆ ಕೆಲಸಕ್ಕೆ ಬೆಲೆ ಇದೆ.

ಇಲ್ಲಿ ನಿಲ್ಲಿಸಿದರೆ ಲೇಖನ ಸುಖವಾಗಿ ಮುಗಿಯುತ್ತದೆ. ಆದರೆ ಅಕ್ಕನ ಆಕ್ಷೇಪಕ್ಕೆ ಉತ್ತರ ಸಿಕ್ಕಂತಾಗುವುದಿಲ್ಲ. ಆಟದ ಅಂಜಿಕೆ ಮನುಷ್ಯನ ಗುಣವನ್ನು ಪರೀಕ್ಷಿಸುತ್ತದೆ ಎಂದುಬಿಟ್ಟರೆ, ನಿಜದ ಅಂಜಿಕೆಯೂ ಪರೀಕ್ಷಿಸುತ್ತದೆ ಎಂಬ ಮಾತಿಗೆ ಒಂದೇ ಹೆಜ್ಜೆ. ಕಷ್ಟ ಬಂದಾಗಲೇ ಮನುಷ್ಯನ ಬಣ್ಣ ಗೊತ್ತಾಗುವುದು ಎಂದು ನಾವು ಸಲೀಸಾಗಿ ಹೇಳುತ್ತೇವಲ್ಲ, ಆ ಮಾತು. ಅದರಲ್ಲಿ ಕ್ರೌರ್ಯವಿದೆ.

ವಿಜಯಪುರ ನಗರವನ್ನೇ ನೋಡಿ. 1565ರ ಯುದ್ಧದಲ್ಲಿ ವಿಜಯನಗರವನ್ನು ಸೋಲಿಸಿದವರಲ್ಲಿ ಒಬ್ಬನಾದ ಒಂದನೆಯ ಅಲಿ ಆದಿಲ್ ಶಾಹ್ ಈ ಊರಿನ ಸುತ್ತ ಸುಮಾರು ಹತ್ತು ಕಿಲೋಮೀಟರ್ ಕೋಟೆ ಗೋಡೆ ಕಟ್ಟಿಸಿದ. ಬುರುಜುಗಳ ಮೇಲೆ ತೋಪು ಕೂರಿಸಿದರು. ಊರಿನೊಳಗೆ ನೀರು ನಿಲ್ಲದಿರಲೆಂದು ತೊರವಿಯ ಕಡೆಯಿಂದ ನೆಲದಡಿ ಸುರಂಗ ತೋಡಿ ನೀರು ತಂದರು. ಅಲ್ಲಲ್ಲಿ ಗಾಳಿ ಬೆಳಕಿಗೆ ಬಾವಿಯಂಥ ಕಿಂಡಿ ಬಿಟ್ಟು, ಕತ್ತಲಲ್ಲಿ ಕಲ್ಲು ಕಡಿದವರ ಹೆಸರು ಯಾವ ಶಾಸನದಲ್ಲೂ ನಾನು ಓದಿಲ್ಲ. ಇಷ್ಟೆಲ್ಲ ಇದ್ದೂ ಔರಂಗಜೇಬನ ಸೈನ್ಯ 1685ರಲ್ಲಿ ಬಂದು ಸುತ್ತುವರಿಯಿತು. ವರ್ಷ ದಾಟಿದ ಮುತ್ತಿಗೆಯ ನಂತರ 1686ರ ಸೆಪ್ಟೆಂಬರಿನಲ್ಲಿ ಊರು ಬಿತ್ತು. ಗೋಡೆ ನಿಂತೇ ಇತ್ತು, ಈಗಲೂ ಬಹಳಷ್ಟು ನಿಂತಿದೆ. ಒಳಗಿದ್ದವರನ್ನು ಅದು ಕಾಯಲಿಲ್ಲ. ಅದಾಗಿ ನೂರು ವರ್ಷದ ಮೇಲೆ, 1791-92ರ ಹೊತ್ತಿಗೆ, ಈ ಸೀಮೆಗೆ ಡೋಗಿ ಬರ ಬಂತು. ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದರಿಂದ ಅದನ್ನು ತಲೆಬುರುಡೆಯ ಬರವೆಂದೇ ನೆನೆಯುತ್ತಾರೆ. 1876-78ರಲ್ಲಿ ಮತ್ತೆ ದೊಡ್ಡ ಬರ. ಆಗ ಕಲಾದಗಿ ಜಿಲ್ಲೆ ಎಂದು ಕರೆಸಿಕೊಳ್ಳುತ್ತಿದ್ದ ಈ ಪ್ರದೇಶ ಮುಂಬಯಿ ಪ್ರಾಂತ್ಯದಲ್ಲೇ ಅತಿ ಹೆಚ್ಚು ನೊಂದ ಭಾಗಗಳಲ್ಲಿ ಒಂದು.

ಆ ಬರಗಳಲ್ಲಿ ಮನೆ ಬಿಟ್ಟು ಹೋದವರಿದ್ದರು, ಮಕ್ಕಳನ್ನು ಬಿಟ್ಟುಕೊಟ್ಟವರಿದ್ದರು, ಕೊನೆಯ ಮುಷ್ಟಿ ಜೋಳವನ್ನು ಬಚ್ಚಿಟ್ಟವರಿದ್ದರು, ಹಂಚಿಕೊಂಡವರೂ ಇದ್ದಿರಬೇಕು. ಅವರ ಬಣ್ಣ ಬಯಲಾಯಿತು ಎಂದು ಹೇಳುವ ಹಕ್ಕು ಹೊಟ್ಟೆ ತುಂಬಿದ ನನಗೆ ಇದೆಯೇ? ಇಲ್ಲವೆಂದೇ ನನ್ನ ನಂಬಿಕೆ. ಅವರು ಯಾವ ಪರೀಕ್ಷೆಗೂ ಹೆಸರು ಕೊಟ್ಟಿರಲಿಲ್ಲ. ಬಾಗಿಲಿರುವ ಅಂಜಿಕೆಯೊಳಗೆ ನಾನು ನನ್ನನ್ನು ಪರೀಕ್ಷಿಸಿಕೊಳ್ಳಬಹುದು. ಬಾಗಿಲಿಲ್ಲದ ಅಂಜಿಕೆಯೊಳಗೆ ಸಿಕ್ಕಿದವರನ್ನು ಪರೀಕ್ಷಿಸುವ ಅಧಿಕಾರ ಯಾರಿಗೂ ಇಲ್ಲ. ಆಟಕ್ಕೂ ಬದುಕಿಗೂ ನಡುವೆ ನಾನು ಎಳೆಯುವ ಗೆರೆ ಇದು. ಭಯ ನಿಜವೋ ಸುಳ್ಳೋ ಎಂಬಲ್ಲಿ ಆ ಗೆರೆ ಇಲ್ಲ. ಬಾಗಿಲಿನ ಚಿಲಕ ಯಾರ ಕೈಯಲ್ಲಿದೆ ಎಂಬಲ್ಲಿ ಇದೆ.

2024ರ ಏಪ್ರಿಲ್ ಮೊದಲ ವಾರ ನಮ್ಮ ಜಿಲ್ಲೆಯ ಇಂಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪುಟ್ಟ ಮಗು ತೆರೆದ ಕೊಳವೆಬಾವಿಗೆ ಬಿತ್ತು. ಪಕ್ಕದಲ್ಲಿ ಸಮಾನಾಂತರವಾಗಿ ಗುಂಡಿ ತೋಡುತ್ತ, ಒಳಗೆ ಆಮ್ಲಜನಕ ಬಿಡುತ್ತ, ಸುಮಾರು ಇಪ್ಪತ್ತು ಗಂಟೆ ದುಡಿದು ಮಗುವನ್ನು ಜೀವಂತ ತೆಗೆದರು. ಆ ಹೊತ್ತಿನಲ್ಲಿ ನಾಡಿನ ಜನ ಟಿವಿ, ಮೊಬೈಲಿನ ಮುಂದೆ ಇದ್ದರು. ಒಳಗೆ ಇಳಿಸಿದ ಕ್ಯಾಮೆರಾದಲ್ಲಿ ಪುಟ್ಟ ಕಾಲು ಅಲುಗಾಡುವುದು ಕಾಣುತ್ತಿತ್ತು. ಕತ್ತಲು, ಇಕ್ಕಟ್ಟು, ಕಲ್ಲು, ಒಂಟಿ ಜೀವ: ಭಯದ ಆಟಗಳು ಕಟ್ಟುವ ದೃಶ್ಯಕ್ಕೆ ಬೇಕಾದದ್ದೆಲ್ಲ ಅಲ್ಲಿತ್ತು. ನೋಡುತ್ತಿದ್ದ ನಮ್ಮ ಅಂಜಿಕೆ ಎಂಥದು? ಬಹಳ ಜನ ನಿಜವಾಗಿ ಕೈಮುಗಿದಿದ್ದರು, ಅದು ಸುಳ್ಳಲ್ಲ. ಆದರೆ ನಡುನಡುವೆ ಜಾಹೀರಾತು ಬರುತ್ತಿತ್ತು, 'ಮುಂದೇನಾಗುತ್ತದೆ' ಎಂಬ ದಪ್ಪ ಅಕ್ಷರ ಬರುತ್ತಿತ್ತು, ಹಿನ್ನೆಲೆಯಲ್ಲಿ ಸಂಗೀತ ಸೇರುತ್ತಿತ್ತು. ಒಂದು ಮಗುವಿನ, ಒಬ್ಬ ತಾಯಿಯ ಭಯದಿಂದ ಕಾಲ, ದೇಶಗಳನ್ನು ಕಳಚಿ ಅದನ್ನು ಎಲ್ಲರೂ ಸವಿಯುವ ಭಯಾನಕವನ್ನಾಗಿ ಮಾಡುವ ಕೆಲಸ ನಡೆದಿತ್ತು. ಸಾಧಾರಣೀಕರಣ ರಂಗದ ಮೇಲೆ ಗುಣ, ಅಲ್ಲಿ ದೋಷ. ಜಿಂಕೆ ಯಾರದೂ ಅಲ್ಲದ್ದರಿಂದ ಸವಿಯಬಹುದು. ಆ ಕಾಲು ಒಂದು ಮಗುವಿನದು.

ಊರಿನ ಪಶ್ಚಿಮಕ್ಕೆ ಸಾಠ್ ಕಬರ್ ಎಂಬ ಜಾಗವಿದೆ. ಒಂದೇ ಕಟ್ಟೆಯ ಮೇಲೆ ಸಾಲುಸಾಲಾಗಿ ಅರವತ್ತಕ್ಕೂ ಹೆಚ್ಚು ಸಮಾಧಿಗಳು. 1659ರಲ್ಲಿ ಶಿವಾಜಿಯ ಮೇಲೆ ಹೊರಡುವ ಮೊದಲು, ತಾನು ಮರಳುವುದಿಲ್ಲವೆಂಬ ಭವಿಷ್ಯ ಕೇಳಿ ಅಫ್ಜಲ್ ಖಾನ್ ತನ್ನ ಹೆಂಡತಿಯರನ್ನೆಲ್ಲ ಬಾವಿಗೆ ನೂಕಿಸಿ ಕೊಲ್ಲಿಸಿದ ಎಂದು ಜನ ಹೇಳುತ್ತಾರೆ. ಅದು ಕಥೆಯೇ ಆಗಿರಬಹುದು. ಕಲ್ಲುಗಳ ಕೆಳಗೆ ಇರುವವರಂತೂ ಕಥೆಯಲ್ಲ. ಈಗ ಅಲ್ಲಿಗೆ ಕತ್ತಲಲ್ಲಿ ಹೋಗಿ, ಏದುಸಿರು ಬಿಡುತ್ತ, ದೆವ್ವ ಇದೆಯೇ ನೋಡೋಣ ಬನ್ನಿ ಎಂದು ವಿಡಿಯೊ ಮಾಡುವ ಹುಡುಗರಿದ್ದಾರೆ. ಅವರ ಅಂಜಿಕೆಗೂ ಬಾಗಿಲಿದೆ, ಬೈಕು ರಸ್ತೆಯಲ್ಲಿ ನಿಂತಿರುತ್ತದೆ. ಆ ಕಥೆಯ ಹೆಂಗಸರಿಗೆ ಬಾಗಿಲಿರಲಿಲ್ಲ. ಅವರ ಅಂಜಿಕೆಯನ್ನು ನಮ್ಮ ಮೋಜಿನ ಅಂಜಿಕೆಗೆ ಬಂಡವಾಳ ಮಾಡಿಕೊಳ್ಳುವುದು, ಮಾಡ್‌ಪ್ಯಾಕಿನಲ್ಲಿ ಬಿಳಿಗಣ್ಣಿನವನನ್ನು ಕರೆಯುವುದು, ಎರಡೂ ಒಂದೇ ಅಲ್ಲ. ಹೆರೋಬ್ರೈನ್ ಯಾರ ಮಗನೂ ಅಲ್ಲ. ಅವನಿಂದ ಅಂಜಿ ನಗುವಾಗ ಯಾರ ಸಾವಿನ ಮೇಲೂ ಕಾಲಿಟ್ಟಂತಾಗುವುದಿಲ್ಲ. ಭಯದ ಆಟ ಹೆಚ್ಚು ಸುಳ್ಳಾಗಿದ್ದಷ್ಟೂ ಹೆಚ್ಚು ಪ್ರಾಮಾಣಿಕ ಎಂದು ನನಗೆ ಅನ್ನಿಸತೊಡಗಿರುವುದು ಇದಕ್ಕೇ.

ಈ ಗೆರೆಯನ್ನು ದಾಟಲು ಗೋರಿಗಳ ತನಕ ಹೋಗಬೇಕಿಲ್ಲ. ಅದೇ ಅಳಿಯ, ಗೆಳೆಯನಿಗಾಗಿ ಕವಚ ಕಳೆದುಕೊಂಡವನು, ಮತ್ತೊಂದು ದಿನ ಏಳು ವರ್ಷದ ತಂಗಿಯನ್ನು ಕರೆದು ಕಿವಿಗೆ ಹೆಡ್‌ಫೋನ್ ಹಾಕಿ ಕೂರಿಸಿದ. ಏನು ಬರುತ್ತದೆಂದು ಹೇಳಲಿಲ್ಲ. ಬಂದಾಗ ಅವಳು ಚೀರಿದಳು, ಅವನು ನಕ್ಕ. ಆಮೇಲೆ ನಾಲ್ಕು ರಾತ್ರಿ ಅವಳು ಅಮ್ಮನ ಸೆರಗು ಹಿಡಿದೇ ಮಲಗಿದಳು. ಅದೇ ಮಾಡ್‌ಪ್ಯಾಕ್, ಅದೇ ಜೀವಿ, ಅದೇ ಸದ್ದು. ಅವನಿಗೆ ಅದು ಆಟ, ಅವಳಿಗೆ ಆಟವಾಗಿರಲಿಲ್ಲ. ಅವಳು ಅದನ್ನು ಬೇಡಿರಲಿಲ್ಲ, ನಿಲ್ಲಿಸುವ ಗುಂಡಿ ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ. ಒಂದೇ ಪರದೆಯ ಎರಡು ಬದಿಯಲ್ಲಿ ಎರಡು ಬೇರೆ ನೀತಿ. ಇದನ್ನು ಅವನಿಗೆ ಹೀಗೇ ಬಿಡಿಸಿ ಹೇಳಿದೆ. ಅವನು ವಾದ ಮಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅಕಿಗೆ ಶಾಂತಿ ಹಂತದಾಗ ಒಂದು ಬ್ಯಾರೆ ಊರು ಮಾಡಿ ಕೊಡ್ತೀನಿ" ಎಂದ. ಮಾಡಿಯೂ ಕೊಟ್ಟ. ಅವಳು ಅಲ್ಲಿ ಈಗ ಗೋಡೆಯಿಲ್ಲದ ಮನೆ ಕಟ್ಟುತ್ತಾಳೆ. ಅವನಿಗೆ ಅದು ಮನೆಯೇ ಅಲ್ಲ, ಅವಳಿಗೆ ಅರಮನೆ.

ಹಾಗಾದರೆ ಅಕ್ಕನಿಗೆ ನಾನು ಕೊಡುವ ಉತ್ತರ ಏನು? ಮಗ ಆಡುವುದು ತಪ್ಪಲ್ಲ ಎಂದು ಹೇಳುತ್ತೇನೆ. ಬೇಡಿ ಪಡೆದ ಅಂಜಿಕೆ ಅವಳ ಅಂಜಿಕೆಗೆ ಅಪಮಾನವಾಗುವುದು, ಅವೆರಡೂ ಒಂದೇ ಎಂದು ಅವನು ತಿಳಿದ ದಿನ. ಆಟದಲ್ಲಿ ರಾತ್ರಿ ಗೆದ್ದವನು, ತೋಟದಲ್ಲಿ ಸೋತವರನ್ನು ನೋಡಿ ಇವರಿಗೆ ಆಡಲು ಬರಲಿಲ್ಲ ಎಂದುಕೊಂಡ ದಿನ. ಅಂಥ ಯೋಚನೆ ಅವನಲ್ಲಿ ನನಗೆ ಕಂಡಿಲ್ಲ. ಕಂಡದ್ದು ಬೇರೆ. ಕಳೆದ ಮಾರ್ಚಿನಲ್ಲಿ ರಾತ್ರಿ ಹತ್ತರ ಹೊತ್ತಿಗೆ ಗುಡುಗಿತು. ಅವನು ಆಟವನ್ನು ನಡುವಿಗೇ ಬಿಟ್ಟು, ಗೆಳೆಯನಿಗೆ ಒಂದು ಮಾತು ಹೇಳಿ, ಶೆಡ್ಡಿನ ಕಡೆ ಓಡಿದ. ಅಪ್ಪ, ಅಮ್ಮ ಆಗಲೇ ಅಲ್ಲಿದ್ದರು. ಮೂವರೂ ತಾಡಪತ್ರಿ ಎಳೆದು ಕಟ್ಟಿದರು. ಅರ್ಧ ಗಂಟೆಯ ಮೇಲೆ ಬಬಲೇಶ್ವರದಿಂದ ಗೆಳೆಯನ ಫೋನು ಬಂತು: "ಇಲ್ಲಿ ಶುರು ಆಗೇತಿ, ನಿಮ್ಮ ಕಡೆ ಬರಾಕತ್ತೇತಿ." ಆ ವರ್ಷ ಅವರ ಶೆಡ್ಡಿನ ಒಂದು ಬದಿಯ ಒಣದ್ರಾಕ್ಷಿ ನೆನೆಯಿತು, ಉಳಿದದ್ದು ಉಳಿಯಿತು.

ಆಟದ ಅಂಜಿಕೆ ಅವನನ್ನು ಶೆಡ್ಡಿಗೆ ಓಡಿಸಿತು ಎಂದು ನಾನು ಹೇಳುವುದಿಲ್ಲ. ಆಟ ಗೊತ್ತೇ ಇಲ್ಲದ ಅವನ ಅಪ್ಪ ಅವನಿಗಿಂತ ಮೊದಲೇ ಅಲ್ಲಿದ್ದ. ಹೇಳಬಹುದಾದದ್ದು ಇಷ್ಟು: ಚಿಲಕ ಕೈಯಲ್ಲಿರುವ ಅಂಜಿಕೆಯನ್ನು ಬಿಟ್ಟು, ಚಿಲಕವಿಲ್ಲದವರ ಅಂಜಿಕೆಯ ಹತ್ತಿರ ಹೋಗಿ ನಿಲ್ಲಬೇಕಾದ ಹೊತ್ತು ಯಾವುದೆಂದು ಅವನಿಗೆ ತಿಳಿದಿತ್ತು. ಭಯದ ಆಟ ಆಡುವವರಿಂದ ನಾವು ಕೇಳಬೇಕಾದ ನೀತಿ ಇದಕ್ಕಿಂತ ಹೆಚ್ಚಿನದಲ್ಲ. ನೋಡುವವರಿಂದ, ಓದುವವರಿಂದ, ಬರೆಯುವವರಿಂದ ಕೇಳಬೇಕಾದದ್ದೂ ಅಷ್ಟೇ.